ಬ್ಲೋವರ್ ಕೆಲವು ಸ್ಪೀಡಿನಲ್ಲಿ ಮಾತ್ರ ತಿರುಗುತ್ತಿದೆಯೇ? ರೆಸಿಸ್ಟರ್, ಸ್ವಿಚ್, ಮೋಟಾರ್: ದುಡ್ಡು ಯಾವುದಕ್ಕೆ ಹಾಕಬೇಕು

ಗುಂಡಿ ಒಂದು, ಎರಡು, ಮೂರರಲ್ಲಿದ್ದಾಗ ಗಾಳಿಯೇ ಇಲ್ಲ; ನಾಲ್ಕಕ್ಕೆ ತಿರುಗಿಸಿದರೆ ಭರ್ರನೆ ಬರುತ್ತದೆ. ಕಾರಿನ ಬ್ಲೋವರ್ ಹೀಗೆ ಆಡತೊಡಗಿದರೆ ಮುಂಬೈ ಕಡೆ ಬಹಳ ಜನ ನಾಲ್ಕರಲ್ಲೇ ಓಡಿಸಿಕೊಂಡು ದಿನ ತಳ್ಳುತ್ತಾರೆ. ಇಲ್ಲಿ ಹೀಟರ್ ಯಾರಿಗೆ ಬೇಕು ಎಂಬ ಲೆಕ್ಕ ಅವರದು. ಆದರೆ ಹೀಟರಿಗೂ ಎಸಿಗೂ ಮುಂದಿನ ಗಾಜಿನ ಮಂಜು ತೆಗೆಯುವುದಕ್ಕೂ ಇರುವುದು ಅದೊಂದೇ ಫ್ಯಾನ್. ಜುಲೈ ಮಳೆಯಲ್ಲಿ ಅಂಬೋಲಿ ಅಥವಾ ಚೋರ್ಲಾ ಘಾಟ್ ಹತ್ತಿ ಬೆಳಗಾವಿಯತ್ತ ಹೊರಟಾಗ ಗಾಳಿ ನಿಂತರೆ ಎರಡು ನಿಮಿಷದಲ್ಲಿ ಗಾಜು ಬೆಳ್ಳಗಾಗುತ್ತದೆ, ಎದುರಿನ ಟ್ರಕ್ ಕಾಣುವುದಿಲ್ಲ. ಡಿಸೆಂಬರ್ ಬೆಳಗ್ಗೆ ಪುಣೆಯಿಂದ ಮಹಾಬಳೇಶ್ವರಕ್ಕೆ ಹೋಗುವವರಿಗೆ ಹೀಟರೂ ಬೇಕೇ ಬೇಕು. ಇನ್ನೊಂದು ಮಾತು: ಸದಾ ನಾಲ್ಕರಲ್ಲೇ ಓಡಿಸಿದರೆ ಮೋಟಾರಿನ ಪೂರ್ತಿ ಕರೆಂಟು ಒಂದೇ ಪಿನ್ನಿನ ಮೂಲಕ ಗಂಟೆಗಟ್ಟಲೆ ಹರಿಯುತ್ತದೆ. ಆ ಪಿನ್ ಸ್ವಲ್ಪ ಸಡಿಲವಿದ್ದರೂ ವೈರು ಸಿಕ್ಕಿಸುವ ಕಪ್ಲರ್ ಕರಗಿ, ಸಣ್ಣ ರಿಪೇರಿ ದೊಡ್ಡದಾಗುತ್ತದೆ.

ಗ್ಯಾರೇಜಿಗೆ ಹೋದರೆ ಮೂರು ಬಗೆಯ ಉತ್ತರ ಸಿಗುತ್ತದೆ. ಒಬ್ಬರು ರೆಸಿಸ್ಟರ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಮೋಟಾರನ್ನೂ ಸೇರಿಸಿ ಪೂರ್ತಿ ಬ್ಲೋವರ್ ಹಾಕಿಸಿ ಎನ್ನುತ್ತಾರೆ, ಮೂರನೆಯವರು ತಂತಿ ಸೇರಿಸಿ ಡೈರೆಕ್ಟ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಇವುಗಳಲ್ಲಿ ಯಾವುದು ನಿಮ್ಮ ಕಾರಿಗೆ ಸರಿ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ಯಾವ ಯಾವ ಸ್ಪೀಡು ಸತ್ತಿದೆ, ಮತ್ತು ಮೋಟಾರ್ ಎಷ್ಟು ಕರೆಂಟು ಎಳೆಯುತ್ತಿದೆ. ಎರಡನ್ನೂ ಮನೆಯಲ್ಲೇ ನೋಡಿಕೊಳ್ಳಬಹುದು.

ಸತ್ತಿರುವ ಸ್ಪೀಡು ಏನು ಹೇಳುತ್ತದೆ

ಗುಂಡಿ ತಿರುಗಿಸುವ ಸಾದಾ ಎಸಿಯ ಕಾರುಗಳಲ್ಲಿ ಬ್ಲೋವರ್ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡಿ ಸ್ಪೀಡು ತಗ್ಗಿಸುವ ಪಾರ್ಟ್) ಎಂದರೆ ಒಂದರ ಹಿಂದೊಂದು ಜೋಡಿಸಿದ ಮೂರು ಕಾಯಿಲ್‌ಗಳು. ಒಂದನೇ ಸ್ಪೀಡಿನಲ್ಲಿ ಕರೆಂಟು ಮೂರನ್ನೂ ದಾಟಿ ಹೋಗಬೇಕು. ಎರಡರಲ್ಲಿ ಎರಡು ಕಾಯಿಲ್, ಮೂರರಲ್ಲಿ ಒಂದೇ. ನಾಲ್ಕರಲ್ಲಿ ಕಾಯಿಲ್‌ಗಳ ಗೊಡವೆಯೇ ಇಲ್ಲದೆ ಮೋಟಾರಿಗೆ ನೇರ 12 ವೋಲ್ಟ್ ಸಿಗುತ್ತದೆ. ಒಂದರಿಂದ ಮೂರರ ಸ್ಪೀಡಿಗೆಲ್ಲ ಸೇರಿ ಕಾಯಿಲಿನ ದಾರಿಯಲ್ಲೇ ಒಂದು ಥರ್ಮಲ್ ಫ್ಯೂಸ್ ಕೂತಿರುತ್ತದೆ. ಬಿಸಿ ಮಿತಿ ಮೀರಿದರೆ ಅದು ಕಡಿದುಕೊಳ್ಳುತ್ತದೆ, ಮತ್ತೆ ತಾನಾಗಿ ಕೂಡುವುದಿಲ್ಲ.

ಇಷ್ಟು ತಿಳಿದರೆ ಅರ್ಧ ರೋಗ ಗೊತ್ತಾದಂತೆ. ಒಂದು, ಎರಡು, ಮೂರು ಒಟ್ಟಿಗೆ ಸತ್ತು ನಾಲ್ಕು ಮಾತ್ರ ಉಳಿದಿದ್ದರೆ ಥರ್ಮಲ್ ಫ್ಯೂಸ್ ಹೋಗಿದೆ, ಅಥವಾ ಮೂರಕ್ಕೂ ಬೇಕಾದ ಮೊದಲ ಕಾಯಿಲ್ ಕಡಿದಿದೆ. ಒಂದನೇ ಸ್ಪೀಡು ಮಾತ್ರ ಸತ್ತಿದ್ದರೆ ಕೊನೆಯ ಕಾಯಿಲ್. ಒಂದು ಮತ್ತು ಎರಡು ಸತ್ತು ಮೂರು, ನಾಲ್ಕು ಸರಿಯಿದ್ದರೆ ನಡುವಿನದು. ಈ ಮೂರೂ ಸಂದರ್ಭದಲ್ಲಿ ಮೊದಲು ಬಿಚ್ಚಿ ನೋಡಬೇಕಾದದ್ದು ರೆಸಿಸ್ಟರನ್ನು.

ಒಂದು ತಿರುಗುತ್ತದೆ, ಎರಡು ತಿರುಗುವುದಿಲ್ಲ, ಮೂರು ಮತ್ತೆ ತಿರುಗುತ್ತದೆ ಎಂದರೆ ಕಾಯಿಲ್‌ಗಳ ತಪ್ಪಿಲ್ಲ. ಒಂದನೇ ಸ್ಪೀಡಿಗೆ ಮೂರು ಕಾಯಿಲ್‌ಗಳೂ ಬೇಕಲ್ಲ? ಅದು ತಿರುಗುತ್ತಿದೆ ಎಂದಮೇಲೆ ಮೂರೂ ಕೂಡಿಯೇ ಇವೆ. ಅಲ್ಲಿ ಹುಡುಕಬೇಕಾದದ್ದು ಡ್ಯಾಶ್‌ಬೋರ್ಡಿನ ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟ್, ಆ ಸ್ಪೀಡಿನ ವೈರು, ಅಥವಾ ಕಪ್ಲರಿನ ಆ ಒಂದು ಪಿನ್. ಹೀಗಿರುವಾಗ ಯಾರಾದರೂ ಹೊಸ ರೆಸಿಸ್ಟರ್ ಮಾರಲು ಬಂದರೆ ದುಡ್ಡು ಕೊಡುವ ಮುನ್ನ ಈ ಪ್ರಶ್ನೆ ಕೇಳಿ.

ಮೊದಲು ಹೇಳಿದ್ದಕ್ಕೆ ತದ್ವಿರುದ್ಧ: ಒಂದರಿಂದ ಮೂರರವರೆಗೆ ಎಲ್ಲ ಸರಿ, ನಾಲ್ಕರಲ್ಲಿ ಗಾಳಿ ನಿಲ್ಲುತ್ತದೆ. ರೆಸಿಸ್ಟರನ್ನು ಮುಟ್ಟುವ ಅಗತ್ಯವಿಲ್ಲ. ಸ್ವಿಚ್ಚಿನ ನಾಲ್ಕನೇ ಕಾಂಟ್ಯಾಕ್ಟ್ ಸುಟ್ಟಿರುತ್ತದೆ, ಅದರ ಪಿನ್ ಕರಗಿರುತ್ತದೆ, ಅಥವಾ ಹೈ ಸ್ಪೀಡಿಗೆ ಬೇರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಕಿ ಆರಿಸುವ ಸ್ವಿಚ್) ಇರುವ ಕಾರಾದರೆ ಆ ರಿಲೇ ಹೋಗಿರುತ್ತದೆ. ಯಾವ ಸ್ಪೀಡೂ ಇಲ್ಲವೆಂದರೆ ಫ್ಯೂಸ್ ಬಾಕ್ಸಿನ ಬ್ಲೋವರ್ ಫ್ಯೂಸ್, ಬ್ಲೋವರ್ ರಿಲೇ, ಅರ್ತಿಂಗ್, ಮೋಟಾರ್ ಈ ಕ್ರಮದಲ್ಲಿ ನೋಡಿ. ಗ್ಲೋವ್ ಬಾಕ್ಸ್ ಕೆಳಗೆ ಕೈ ಹಾಕಿ ಮೋಟಾರಿನ ಬೆನ್ನಿಗೆ ಮೆಲ್ಲಗೆ ತಟ್ಟಿದಾಗ ತಿರುಗತೊಡಗಿದರೆ ಮೋಟಾರಿನೊಳಗೆ ಕರೆಂಟು ಒಯ್ಯುವ ಕಾರ್ಬನ್ ಬ್ರಷ್ ಸವೆದಿದೆ; ಆಗ ಮೋಟಾರ್ ಬದಲಿಸುವುದನ್ನು ಮುಂದೂಡಬೇಡಿ.

ಬಿಚ್ಚಿ ಅಳೆಯುವುದು

ನಮ್ಮ ಬಲಗಡೆ ಸ್ಟಿಯರಿಂಗ್ ಕಾರುಗಳಲ್ಲಿ ಬ್ಲೋವರ್ ಪೆಟ್ಟಿಗೆ ಸಾಮಾನ್ಯವಾಗಿ ಎಡ ಸೀಟಿನ ಮುಂದೆ, ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಇಗ್ನಿಶನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು, ಕೆಲವು ನಿಮಿಷ ಬಿಟ್ಟು ಕೈ ಹಾಕಿ. ಪಕ್ಕದ ಸೀಟಿನ ಏರ್‌ಬ್ಯಾಗ್ ಇದೇ ಜಾಗದ ಮೇಲಿದೆ. ಹಳದಿ ಕಪ್ಲರ್ ಕಂಡರೆ ಮುಟ್ಟಬೇಡಿ. ಗ್ಲೋವ್ ಬಾಕ್ಸ್ ತೆರೆದು ಎರಡೂ ಬದಿಯನ್ನು ಒಳಕ್ಕೆ ಒತ್ತಿದರೆ ಅದು ಪೂರ್ತಿ ಕೆಳಗೆ ಬೀಳುತ್ತದೆ. ಒಂದು ಬದಿಗೆ ಡ್ಯಾಂಪರ್ ದಾರವಿದ್ದರೆ ಮೊದಲು ಅದನ್ನು ಬಿಡಿಸಿಕೊಳ್ಳಿ. ಫ್ಯಾನಿನ ದುಂಡು ಪೆಟ್ಟಿಗೆಯ ಪಕ್ಕದಲ್ಲಿ ಎರಡು ಸ್ಕ್ರೂ ಹಾಕಿ ಕೂರಿಸಿದ, ನಾಲ್ಕೈದು ವೈರಿನ ಕಪ್ಲರ್ ಇರುವ ಸಣ್ಣ ಪ್ಲೇಟೇ ರೆಸಿಸ್ಟರ್. ಅದನ್ನು ಗಾಳಿಯ ದಾರಿಯಲ್ಲೇ ಇಟ್ಟಿರುವುದು ಬೇಕೆಂದೇ, ಫ್ಯಾನಿನ ಗಾಳಿಯೇ ಅದನ್ನು ತಣಿಸಬೇಕು. ಬ್ಲೋವರ್ ಓಡಿಸಿ ಆಗಷ್ಟೇ ನಿಲ್ಲಿಸಿದ್ದರೆ ಬರಿಗೈಯಲ್ಲಿ ಹೊರಗೆಳೆಯಬೇಡಿ, ಸುಡುತ್ತದೆ.

ಹೊರತೆಗೆದ ರೆಸಿಸ್ಟರನ್ನು ಮಲ್ಟಿಮೀಟರಿನ 200 ಓಮ್ ರೇಂಜಿನಲ್ಲಿ ಅಳೆಯಿರಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ಬರೆದುಕೊಂಡು ಪ್ರತಿ ಅಳತೆಯಿಂದ ಕಳೆಯಬೇಕು, ಏಕೆಂದರೆ ಇಲ್ಲಿನ ಓಮ್‌ಗಳು ತೀರ ಚಿಕ್ಕವು. ಕಾಯಿಲ್‌ಗಳು ಹೆಚ್ಚಾಗಿ ಅರ್ಧ ಓಮಿನ ಆಸುಪಾಸಿನಿಂದ ಮೂರು ಓಮಿನವರೆಗೆ ತೋರಿಸುತ್ತವೆ. ಮೀಟರ್ 1 ಎಂದೋ ಓಎಲ್ ಎಂದೋ ತೋರಿಸಿದರೆ ಆ ದಾರಿ ಕಡಿದಿದೆ.

ಇಲ್ಲಿಗೇ ನಿಲ್ಲಬೇಡಿ. ಕಪ್ಲರನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪಿನ್ ಒಂದು ಕಪ್ಪಾಗಿದ್ದರೆ, ಹೊಸ ರೆಸಿಸ್ಟರನ್ನು ಅದೇ ಕಪ್ಲರಿಗೆ ಸಿಕ್ಕಿಸುವುದು ದುಡ್ಡು ನೀರಿಗೆ ಹಾಕಿದಂತೆ. ಲೆಕ್ಕ ಸರಳ: 20 ಆಂಪಿಯರ್ ಹರಿಯುವ ಪಿನ್ನಿನಲ್ಲಿ ಬರೀ 0.05 ಓಮ್ ತಡೆ ಹುಟ್ಟಿದರೂ ಅಲ್ಲಿ 20 ವ್ಯಾಟ್ ಬಿಸಿ ಏಳುತ್ತದೆ. ಒಂದು ಸಣ್ಣ ಪಿನ್ನಿಗೆ ಅದು ವಿಪರೀತ. ವಾಸ್ಕೋ, ಕಲಂಗುಟ್ ಕಡೆ ಸಮುದ್ರದ ಬದಿಯಲ್ಲೇ ನಿಲ್ಲುವ ಕಾರುಗಳಲ್ಲಿ ಉಪ್ಪುಗಾಳಿಗೆ ಪಿನ್ ಹಸಿರುಗಟ್ಟುವುದರಿಂದ ಈ ತಡೆ ಬೇಗ ಶುರುವಾಗುತ್ತದೆ.

ರೆಸಿಸ್ಟರ್ ಸುಟ್ಟಿದ್ದೇಕೆ ಎಂಬುದು ತಿಳಿಯದೆ ಹೊಸದು ಹಾಕಬೇಡಿ

ಹೊಸ ರೆಸಿಸ್ಟರ್ ಕೆಲವೇ ತಿಂಗಳಲ್ಲಿ ಮತ್ತೆ ಹೋಯಿತು ಎಂಬ ದೂರು ಬಂದರೆ ಬಹಳ ಸಲ ತಪ್ಪು ಪಾರ್ಟಿನದ್ದಾಗಿರುವುದಿಲ್ಲ, ಮೋಟಾರಿನದ್ದಾಗಿರುತ್ತದೆ ಎಂದು ಭಾವಿಸಿಯೇ ಪರೀಕ್ಷೆಗೆ ಇಳಿಯುವುದು ಒಳ್ಳೆಯದು. ಬೇರಿಂಗ್ ಬಿಗಿಯಾದ ಮೋಟಾರ್ ಹೆಚ್ಚು ಕರೆಂಟು ಎಳೆಯುತ್ತದೆ. ಕಾಯಿಲಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕರೆಂಟು 20 ಶೇಕಡಾ ಹೆಚ್ಚಿದರೆ ಬಿಸಿ 44 ಶೇಕಡಾ ಹೆಚ್ಚುತ್ತದೆ. ಅದೇ ಹೊತ್ತಿಗೆ ಫ್ಯಾನ್ ನಿಧಾನವಾಗಿ, ತಣಿಸುವ ಗಾಳಿಯೂ ಕಡಿಮೆಯಾಗಿರುತ್ತದೆ. ಥರ್ಮಲ್ ಫ್ಯೂಸ್ ಕಡಿದುಕೊಂಡದ್ದು ತನ್ನ ಕೆಲಸ ಮಾಡಿದ್ದಕ್ಕೇ.

ಕರೆಂಟು ಅಳೆಯಲು ಡಿಸಿ, ಅಂದರೆ ಬ್ಯಾಟರಿಯ ಕರೆಂಟು, ಅಳೆಯುವ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಕಚ್ಚಿಸುವ ಮೀಟರ್) ಬೇಕು. ಕಡಿಮೆ ಬೆಲೆಯ ಬಹಳಷ್ಟು ಕ್ಲ್ಯಾಂಪ್ ಮೀಟರುಗಳು ಮನೆಯ ಎಸಿ ಕರೆಂಟನ್ನಷ್ಟೇ ಅಳೆಯುತ್ತವೆ. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲೋ ಪುಣೆಯ ತಾಪಕೀರ್ ಗಲ್ಲಿಯಲ್ಲೋ ಕೊಳ್ಳುವಾಗ ಡಿಸಿ ಆಂಪಿಯರ್ ಇದೆಯೇ ಎಂದು ಕೇಳಿ ನೋಡಿ. ಮಾಮೂಲಿ ಮಲ್ಟಿಮೀಟರಿನ 10 ಆಂಪಿಯರ್ ರೇಂಜಿನಲ್ಲಿ ನಾಲ್ಕನೇ ಸ್ಪೀಡು ಅಳೆಯಲು ಹೋದರೆ ಮೀಟರಿನ ಫ್ಯೂಸ್ ಹಾರುತ್ತದೆ. ಸಣ್ಣ ಮತ್ತು ಮಧ್ಯಮ ಕಾರುಗಳ ಬ್ಲೋವರ್ ಪೂರ್ತಿ ಸ್ಪೀಡಿನಲ್ಲಿ ಸಾಮಾನ್ಯವಾಗಿ 15ರಿಂದ 20 ಆಂಪಿಯರ್ ಆಸುಪಾಸು ಎಳೆಯುತ್ತದೆ. ನಿಮ್ಮ ಕಾರಿನ ಬ್ಲೋವರ್ ಫ್ಯೂಸ್ 30 ಆಂಪಿಯರಿನದಾಗಿದ್ದು, ಮೋಟಾರ್ 25 ದಾಟುತ್ತಿದ್ದರೆ ಅದು ಬಿಗಿಯಾಗಿದೆ ಎಂದೇ ತಿಳಿಯಿರಿ.

ಕ್ಲ್ಯಾಂಪ್ ಮೀಟರ್ ಇಲ್ಲದಿದ್ದರೂ ದಾರಿಯಿದೆ. ಮೂರು ಸ್ಕ್ರೂ ಬಿಚ್ಚಿದರೆ ಮೋಟಾರ್ ಫ್ಯಾನಿನ ಸಮೇತ ಕೆಳಕ್ಕೆ ಬರುವ ಕಾರುಗಳೇ ಹೆಚ್ಚು. ಬೆರಳಿನಿಂದ ತಿರುವಿ ಬಿಡಿ. ಒಳ್ಳೆಯ ಮೋಟಾರ್ ಸದ್ದಿಲ್ಲದೆ ಕೆಲವು ಸುತ್ತು ತಾನೇ ತಿರುಗಿ ನಿಲ್ಲುತ್ತದೆ. ಕೆರೆದಂತಾದರೆ, ಕೂಡಲೇ ನಿಂತರೆ, ಶಾಫ್ಟ್ ಪಕ್ಕಕ್ಕೆ ಅಲುಗಿದರೆ ಅದರ ಆಯುಷ್ಯ ಮುಗಿಯುತ್ತ ಬಂದಿದೆ. ಫ್ಯಾನಿನ ಪಂಜರದೊಳಗೂ ಕಣ್ಣಾಡಿಸಿ: ಒಣಗಿದ ಎಲೆ, ಇಲಿ ತಂದಿಟ್ಟ ಬಟ್ಟೆಚೂರು, ಹರಿದ ಫಿಲ್ಟರಿನ ತುಣುಕು ಸಿಕ್ಕಿಕೊಂಡಿರುವುದುಂಟು. ಹಾಗಿದ್ದರೆ ಮೋಟಾರ್ ಬದಲಿಸದೆ ಸ್ವಚ್ಛ ಮಾಡಿದರೆ ಸಾಕು.

ಒಳಬರುವ ಗಾಳಿಯ ಧೂಳು ಹಿಡಿಯುವ ಕ್ಯಾಬಿನ್ ಫಿಲ್ಟರ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ. ಫಿಲ್ಟರ್ ಕಟ್ಟಿದರೆ ಮೋಟಾರಿಗೆ ಲೋಡ್ ಹೆಚ್ಚಿ ರೆಸಿಸ್ಟರ್ ಸುಡುತ್ತದೆ ಎನ್ನುತ್ತಾರೆ. ಈ ಬಗೆಯ ಫ್ಯಾನಿಗೆ ಗಾಳಿ ಸಿಗದಿದ್ದರೆ ಅದು ಎಳೆಯುವ ಕರೆಂಟು ಇಳಿಯುತ್ತದೆ, ಏರುವುದಿಲ್ಲ. ಆದರೂ ರೆಸಿಸ್ಟರ್ ಸುಡುವುದು ನಿಜ, ಏಕೆಂದರೆ ಅದನ್ನು ತಣಿಸಬೇಕಾದ ಗಾಳಿಯೇ ಅದರ ಮೇಲೆ ಹಾಯುವುದಿಲ್ಲ. ಗೋವಾದ ಡಿಚೋಲಿ, ಕುಡಚಡೆ ಕಡೆಯ ಅದಿರಿನ ಕೆಂಪು ಧೂಳಿನಲ್ಲಿ, ಪುಣೆಯ ಹೊಸ ಬಡಾವಣೆಗಳ ಕಟ್ಟಡದ ಧೂಳಿನಲ್ಲಿ ಓಡಾಡುವ ಕಾರಿನ ಫಿಲ್ಟರ್, ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ ಕಾಯುವುದಿಲ್ಲ. ಅದು ಬೂದುಬಣ್ಣಕ್ಕೆ ತಿರುಗಿ ಬಿಗಿದಿದ್ದರೆ ರೆಸಿಸ್ಟರಿನ ಜೊತೆಗೇ ಬದಲಿಸಿ.

ಆಯ್ಕೆಗಳು

ಮೋಟಾರ್ ಸಲೀಸಾಗಿ ತಿರುಗುತ್ತದೆ, ಕಪ್ಲರ್ ಸ್ವಚ್ಛವಾಗಿದೆ, ಕಾರು ಐದಾರು ವರ್ಷಕ್ಕಿಂತ ಹಳೆಯದಲ್ಲ. ಹೀಗಿದ್ದರೆ ರೆಸಿಸ್ಟರ್ ಒಂದನ್ನೇ ಬದಲಿಸಿ. ಅರ್ಧ ಗಂಟೆಯ ಕೆಲಸ. ಸಣ್ಣ ಕಾರುಗಳಿಗೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಮೋಟಾರ್ ಕೂಡ ಹಾಕಿಸಿ ಎಂದು ಯಾರು ಒತ್ತಾಯಿಸಿದರೂ ಕರೆಂಟು ಅಳೆದು ತೋರಿಸಿ ಎನ್ನಿ.

ಒರಿಜಿನಲ್ ಬೇಕೋ ಡುಪ್ಲಿಕೇಟ್ ಸಾಕೋ? ಈ ಪಾರ್ಟಿನಲ್ಲಿ ನಮ್ಮ ಒಲವು ಒರಿಜಿನಲ್ ಕಡೆಗೇ, ಅದಕ್ಕೆ ಕಾರಣ ಥರ್ಮಲ್ ಫ್ಯೂಸ್. ಅಗ್ಗದ ನಕಲಿನಲ್ಲಿ ಫ್ಯೂಸಿನ ಜಾಗದಲ್ಲಿ ಬರೀ ತಂತಿ ಇರಬಹುದು, ಕಾಯಿಲಿನ ಓಮ್ ಬೇರೆಯಿದ್ದು ಎರಡಕ್ಕೂ ಮೂರಕ್ಕೂ ಗಾಳಿಯಲ್ಲಿ ವ್ಯತ್ಯಾಸವೇ ತಿಳಿಯದಿರಬಹುದು, ಪ್ಲೇಟಿನ ಕೆಳಗಿನ ಫೋಮ್ ಗ್ಯಾಸ್ಕೆಟ್ ಇಲ್ಲದೆ ಸಿಳ್ಳೆ ಸದ್ದು ಬರಬಹುದು. ಹಾಗೆಂದು ಕಂಪನಿಯ ಡಬ್ಬಿಯಲ್ಲೇ ಬರಬೇಕೆಂದಿಲ್ಲ. ಬ್ಲೋವರ್ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಸುಬ್ರೋಸ್, ಡೆನ್ಸೋ, ವಾಲಿಯೋ, ಹ್ಯಾನನ್ ಇವುಗಳಲ್ಲಿ ಯಾವುದಾದರೂ ಹೆಸರಿದ್ದರೆ ಅದೇ ತಯಾರಕರ ಪಾರ್ಟ್ ಹುಡುಕಿ. ಮುಂಬೈಯ ಒಪೆರಾ ಹೌಸ್ ಬಳಿ, ಪುಣೆಯ ನಾನಾ ಪೇಠಿನಲ್ಲಿ ಸ್ಪೇರ್ ಅಂಗಡಿಗಳು ಸಾಲಾಗಿವೆ. ಹಳೆಯ ರೆಸಿಸ್ಟರನ್ನು ಕೈಯಲ್ಲಿ ಹಿಡಿದೇ ಹೋಗಿ, ಚಾಸಿ ನಂಬರ್ ಬರೆದುಕೊಂಡಿರಿ. ಒಂದೇ ಮಾಡೆಲಿನಲ್ಲಿ ವರ್ಷ ಬದಲಾದರೆ ಪಿನ್ನಿನ ಸಂಖ್ಯೆಯೂ ಬದಲಾಗುವುದುಂಟು. ಮೀಟರ್ ಇದ್ದರೆ ಅಂಗಡಿಯ ಮುಂದೆಯೇ ಹೊಸದರ ಓಮ್ ನೋಡಿ, ಹಳೆಯದರಲ್ಲಿ ಉಳಿದಿರುವ ಕಾಯಿಲ್‌ಗಳಿಗೆ ಹೋಲಿಸಿ.

ಥರ್ಮಲ್ ಫ್ಯೂಸ್ ಮಾತ್ರ ಬದಲಿಸುವುದು ಎಲ್ಲಕ್ಕಿಂತ ಅಗ್ಗ. ಕಾಯಿಲ್‌ಗಳೆಲ್ಲ ಸರಿಯಿದ್ದು, ಫ್ಯೂಸ್ ಎರಡು ಕಾಲಿನ ಬಿಡಿ ತುಂಡಾಗಿದ್ದರೆ ಮಾತ್ರ ಇದು ಆಗುವ ಮಾತು. ಫ್ಯೂಸಿನ ಮೈಮೇಲೆ ಡಿಗ್ರಿ ಮತ್ತು ಆಂಪಿಯರ್ ಬರೆದಿರುತ್ತದೆ; ಎರಡೂ ಅಷ್ಟೇ ಇರಬೇಕು. ಬೆಸುಗೆ ಬೇಡ. ಬೆಸುಗೆ ಹಾಕುವ ಬಿಸಿಗೇ ಹೊಸ ಫ್ಯೂಸ್ ಕಡಿದುಕೊಳ್ಳಬಹುದು, ಹಾಕಿದರೂ ಮಾಮೂಲಿ ತವರ ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗತೊಡಗುತ್ತದೆ, ಕಾಯಿಲಿನ ಬದಿ ಅಷ್ಟು ಬಿಸಿಯಾಗಬಲ್ಲದು. ತಾಮ್ರದ ಸಣ್ಣ ಸ್ಲೀವ್ ಹಾಕಿ ಇಕ್ಕಳದಲ್ಲಿ ಗಟ್ಟಿಯಾಗಿ ಒತ್ತಿ ಕ್ರಿಂಪ್ ಮಾಡಬೇಕು. ಕಾರ್ಡಿನಂತೆ ಚಪ್ಪಟೆಯಾಗಿರುವ ಸೆರಾಮಿಕ್ ರೆಸಿಸ್ಟರುಗಳಲ್ಲಿ ಫ್ಯೂಸ್ ಎಂದರೆ ಬೇರೆ ಲೋಹದ ಬೆಸುಗೆಯಲ್ಲಿ ಹಿಡಿದಿಟ್ಟ ಒಂದು ಸ್ಪ್ರಿಂಗ್ ಪಟ್ಟಿ. ಅದು ಬಿಟ್ಟುಕೊಂಡ ಮೇಲೆ ಮನೆಯ ಬೆಸುಗೆಯಲ್ಲಿ ಮತ್ತೆ ಕೂಡಿಸಿದರೆ ಯಾವ ಬಿಸಿಗೆ ಬಿಟ್ಟುಕೊಳ್ಳುತ್ತದೆಂದು ಹೇಳಲಾಗದು. ಅಂಥದ್ದನ್ನು ಎಸೆದು ಹೊಸದು ತನ್ನಿ.

ಡೈರೆಕ್ಟ್ ಮಾಡುವುದು, ಅಂದರೆ ಫ್ಯೂಸಿನ ಜಾಗಕ್ಕೆ ತಂತಿ ಸೇರಿಸುವುದು, ಯಾವ ಬೆಲೆಗೂ ಬೇಡ. ಹತ್ತು ನಿಮಿಷದಲ್ಲಿ ಮೂರೂ ಸ್ಪೀಡು ಮರಳುವುದು ನೋಡಿ ಖುಷಿಯಾಗುತ್ತದೆ. ಆಮೇಲೆ ಒಂದು ದಿನ ಮೋಟಾರ್ ಸಿಕ್ಕಿಕೊಂಡು ನಿಂತರೆ ಕಾಯಿಲ್ ಕೆಂಪಗೆ ಕಾಯುತ್ತದೆ, ಸುತ್ತ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಒಣ ಎಲೆ. ನಿಮ್ಮ ಮನೆಯವರು ಕೂರುವ ಸೀಟಿನ ಮುಂದೆಯೇ ಬೆಂಕಿ ಹತ್ತುವ ದಾರಿ ಅದು.

ಕಪ್ಲರ್ ಕರಗಿದ್ದರೆ ಎಸಿ ಅಂಗಡಿಗಿಂತ ವೈರಿಂಗ್ ಕೆಲಸದವರೇ ವಾಸಿ. ವೈರಿನ ಸಮೇತ ಸಿಗುವ ಹೊಸ ಕಪ್ಲರ್ ಹಾಕಿಸಿ, ಹಳೆಯ ವೈರನ್ನು ತಾಮ್ರ ಹೊಳೆಯುವವರೆಗೆ ಹಿಂದಕ್ಕೆ ಕತ್ತರಿಸಿ ಕೂಡಿಸಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಏರಿಸಲಿ. ಮೂಲ ವೈರು ಎಷ್ಟು ದಪ್ಪವಿತ್ತೋ ಅದಕ್ಕಿಂತ ತೆಳ್ಳಗಿನದು ಬೇಡ. ಸ್ವಿಚ್ ಕಾಂಟ್ಯಾಕ್ಟ್ ಸುಟ್ಟಿದ್ದರೆ ಉಜ್ಜಿ ಕೂರಿಸಿದ್ದು ಹೆಚ್ಚು ದಿನ ಬಾರದು, ಸ್ವಿಚ್ ಬದಲಿಸುವುದೇ ಸರಿ. ಗೋವಾದವರು ಹೊಸ ಪಿನ್ನಿಗೆ ತುಸು ಡೈಎಲೆಕ್ಟ್ರಿಕ್ ಗ್ರೀಸ್ (ತೇವ ತಡೆಯುವ, ಕರೆಂಟು ಹರಿಸದ ಗ್ರೀಸ್) ಹಚ್ಚಿಸಿಕೊಳ್ಳಿ.

ಮೋಟಾರ್ ಬಿಗಿಯಾಗಿದ್ದರೆ ಮೋಟಾರ್ ಮತ್ತು ರೆಸಿಸ್ಟರ್ ಎರಡನ್ನೂ ಒಟ್ಟಿಗೆ ಬದಲಿಸುವುದೇ ಕೊನೆಗೆ ಕಡಿಮೆ ಖರ್ಚು. ಖರ್ಚು ಸಾವಿರಗಳಿಗೆ ಏರುವುದು ನಿಜ, ಆದರೆ ಬಿಚ್ಚುವ ಕೂಲಿ ಒಂದೇ ಸಲ. ಬೇರಿಂಗಿಗೆ ಎಣ್ಣೆ ಬಿಟ್ಟು ಒಂದು ಮಳೆಗಾಲ ದಾಟಿಸಬಹುದು, ಅದರಾಚೆಗೆ ನೆಚ್ಚಿಕೊಳ್ಳಬೇಡಿ. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ, ಪುಣೆಯ ಜುನಾ ಬಜಾರಿನಲ್ಲಿ ಹಳೆಯ ಪಾರ್ಟಿನ ಆಸೆ ಹುಟ್ಟುವುದು ಸಹಜ. ಹಳೆಯ ರೆಸಿಸ್ಟರ್ ಮೀಟರಿನಲ್ಲಿ ಸರಿ ತೋರಿಸಿದರೆ ಕೊಳ್ಳಬಹುದು. ಹಳೆಯ ಮೋಟಾರ್ ಬಗ್ಗೆ ಎಚ್ಚರ. ಮುಂಬೈಯಲ್ಲಿ ನೆರೆನೀರು ನುಗ್ಗಿ ಗುಜರಿ ಸೇರಿದ ಕಾರುಗಳ ಬ್ಲೋವರ್‌ಗಳೂ ಅದೇ ರಾಶಿಯಲ್ಲಿ ಇರಬಹುದು. ಪಂಜರದ ಒಳಮೂಲೆಯಲ್ಲಿ ಸಣ್ಣ ಕೆಸರಿನ ಪದರ, ಶಾಫ್ಟಿನ ಬುಡದಲ್ಲಿ ತುಕ್ಕು ಕಂಡರೆ ಕೆಳಗಿಟ್ಟು ಬನ್ನಿ. 12 ವೋಲ್ಟ್ ಬ್ಯಾಟರಿಗೆ ತಾಗಿಸಿ ಓಡಿಸಿ ತೋರಿಸದ ಮೋಟಾರನ್ನು ಕೊಳ್ಳಲೇಬೇಡಿ.

ವಾರಂಟಿ ಇನ್ನೂ ಇರುವ ಕಾರಾದರೆ ನೇರ ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ, ನೀವೇ ವೈರು ಕತ್ತರಿಸಲು ಹೋಗಬೇಡಿ.

ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇರುವ ಕಾರುಗಳ ಕಥೆ ಬೇರೆ. ಅಲ್ಲಿ ಕಾಯಿಲ್ ಬದಲಿಗೆ ಅಲ್ಯುಮಿನಿಯಂ ಹೀಟ್ ಸಿಂಕ್ ಇರುವ ಪವರ್ ಟ್ರಾನ್ಸಿಸ್ಟರ್ ಮಾಡ್ಯೂಲ್ ಇರುತ್ತದೆ. ಅದು ಕೆಟ್ಟರೆ ಫ್ಯಾನ್ ಪೂರ್ತಿ ನಿಲ್ಲುತ್ತದೆ, ಇಲ್ಲವೇ ಯಾವ ಅಂಕಿ ಒತ್ತಿದರೂ ಪೂರ್ತಿ ಸ್ಪೀಡಿನಲ್ಲೇ ಓಡುತ್ತದೆ. ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಓಡಿ ಬ್ಯಾಟರಿ ಇಳಿಸುತ್ತದೆ. ಇದಕ್ಕೆ ಓಮ್ ಅಳತೆ ಉಪಯೋಗವಿಲ್ಲ. ಮಾಡ್ಯೂಲನ್ನು ಮಾತ್ರ ನಕಲಿ ಕೊಳ್ಳಬೇಡಿ, ತಯಾರಕರದೇ ಹಾಕಿಸಿ. ಮೋಟಾರ್ ಕರೆಂಟಿನ ಪರೀಕ್ಷೆ ಇಲ್ಲಿಯೂ ಅಷ್ಟೇ ಮುಖ್ಯ.

ಹಾಕಿದ ಮೇಲೆ

ಎಂಜಿನ್ ಚಾಲೂ ಮಾಡಿ ಮೋಟಾರಿನ ಎರಡು ಟರ್ಮಿನಲ್‌ಗಳ ನಡುವೆ ವೋಲ್ಟ್ ಅಳೆಯಿರಿ. ಕಾರಿನ ಬಾಡಿಯನ್ನು ಅರ್ತ್ ಆಗಿ ಹಿಡಿದು ಅಳೆಯಬೇಡಿ, ಕೆಲವು ಕಾರುಗಳಲ್ಲಿ ರೆಸಿಸ್ಟರ್ ಮೋಟಾರಿನ ನೆಗೆಟಿವ್ ಬದಿಗಿರುತ್ತದೆ, ಅಳತೆ ದಾರಿ ತಪ್ಪಿಸುತ್ತದೆ. ಒಂದರಿಂದ ಮೂರಕ್ಕೆ ವೋಲ್ಟ್ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು, ನಾಲ್ಕರಲ್ಲಿ ಬ್ಯಾಟರಿಯ ವೋಲ್ಟಿಗಿಂತ ಒಂದು ವೋಲ್ಟಿಗೆ ಮೀರಿ ಕಡಿಮೆ ಇರಬಾರದು. ಬ್ಯಾಟರಿಯಲ್ಲಿ 14 ಇದ್ದು ಮೋಟಾರಿನಲ್ಲಿ 11.5 ಬಂದರೆ ಎರಡೂವರೆ ವೋಲ್ಟ್ ದಾರಿಯಲ್ಲಿ ಬಿಸಿಯಾಗಿ ಹೋಗುತ್ತಿದೆ; ಸ್ವಿಚ್ಚು, ರಿಲೇ, ಕಪ್ಲರನ್ನು ಒಂದೊಂದಾಗಿ ಹುಡುಕಿ. ನಾಲ್ಕರಲ್ಲಿ ಹತ್ತು ನಿಮಿಷ ಓಡಿಸಿ ನಿಲ್ಲಿಸಿ ಕಪ್ಲರ್ ಮುಟ್ಟಿ ನೋಡಿ. ಬೆಚ್ಚಗಿರಲಿ, ಕೈ ಹಿಂದೆಗೆಯುವಷ್ಟು ಸುಡಬಾರದು.

ಕೊನೆಗೆ ಬಾನೆಟ್ ಎತ್ತಿ ವೈಪರ್ ಕೆಳಗಿನ ಜಾಲರಿಯ ಎಲೆಗಳನ್ನು ಬಾಚಿ ತೆಗೆದು, ಒಂದು ಮಗ್ ನೀರು ಸುರಿದು, ಅದು ಎರಡೂ ಬದಿಯ ಕೊಳವೆಯಿಂದ ಚಕ್ರದ ಹಿಂದೆ ಇಳಿಯುತ್ತದೆಯೇ ನೋಡಿ. ಮರದ ಕೆಳಗೆ ನಿಲ್ಲುವ ಕಾರುಗಳಲ್ಲಿ ಈ ದಾರಿ ಕಟ್ಟಿ, ಮಳೆನೀರು ಹೊರಗಾಳಿಯ ಬಾಯಿಯಿಂದ ನೇರ ಬ್ಲೋವರಿಗೆ ಇಳಿಯುತ್ತದೆ. ಹೊಸ ಮೋಟಾರಿನ ಬೇರಿಂಗ್ ತುಕ್ಕು ಹಿಡಿಯುವುದು ಅಲ್ಲಿಂದಲೇ. ಇಲಿಕಾಟವಿರುವ ಸೊಸೈಟಿ ಪಾರ್ಕಿಂಗಿನಲ್ಲಿ ರಾತ್ರಿ ಕಾರು ನಿಲ್ಲಿಸುವಾಗ ಗಾಳಿಯ ಲಿವರನ್ನು ಒಳಗಾಳಿಗೆ ಇಟ್ಟು ಇಳಿಯಿರಿ, ಹೊರಗಿನ ಬಾಯಿ ಮುಚ್ಚಿರುತ್ತದೆ.